ಬಲವಾದ ಎಲೆ ಕೈಯಲ್ಲಿದ್ದರೂ ಫೋಲ್ಡ್ ಮಾಡುವುದು ಯಾವಾಗ: ಆನ್‌ಲೈನ್ ಪೋಕರ್ ಟೂರ್ನಮೆಂಟಿನ ಸಮಗ್ರ ಮಾರ್ಗದರ್ಶಿ

"ರಾಣಿ ಜೋಡಿ ಬಂದಿತ್ತು, ಅದನ್ನ ಹೇಗೆ ಬಿಡೋದು?" ಫೋಲ್ಡ್ ಮಾಡದೆ, ಅಂದರೆ ಎಲೆ ಬಿಟ್ಟು ಹಿಂದೆ ಸರಿಯದೆ, ಟೂರ್ನಮೆಂಟಿನಿಂದ ಹೊರಬಿದ್ದವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಇದರಲ್ಲಿ ಅವರ ಎಲೆ ಬಿಟ್ಟು ಬೇರೇನೂ ಇಲ್ಲ. ಆಲ್-ಇನ್ ಹೋದವರು (ಇದ್ದ ಚಿಪ್ಸ್ ಎಲ್ಲ ಪಣಕ್ಕಿಟ್ಟವರು) ಯಾರು, ಯಾರ ಹತ್ತಿರ ಎಷ್ಟು ಚಿಪ್ಸ್ ಇತ್ತು, ಬಹುಮಾನ ಶುರುವಾಗಲು ಇನ್ನೆಷ್ಟು ಜನ ಹೋಗಬೇಕಿತ್ತು ಎಂಬುದನ್ನು ಹೇಳದೆ ಉತ್ತರ ಕೊಡಲು ಆಗುವುದಿಲ್ಲ. ತಪ್ಪು ಆಗುವುದು ಯೋಚನೆಯ ಕ್ರಮದಲ್ಲಿ: ಮೊದಲು ತಮ್ಮ ಎಲೆ ನೋಡುತ್ತಾರೆ, ಕಾಲ್ ಮಾಡಲು (ಎದುರಾಳಿಯ ಬೆಟ್ಟಿನಷ್ಟೇ ತಾವೂ ಹಾಕಲು) ಮನಸ್ಸು ಮಾಡುತ್ತಾರೆ, ಆಮೇಲೆ ಕಾರಣ ಹುಡುಕುತ್ತಾರೆ. ಕೆಳಗಿನ ಹಂತಗಳಲ್ಲಿ ನಿಮ್ಮ ಎಲೆಯ ಸರದಿ ಬರುವುದು ನಾಲ್ಕನೆಯದಾಗಿ. ಆ ಕ್ರಮವನ್ನು ಬದಲಿಸಬೇಡಿ.

ಒಂದು ಎಚ್ಚರಿಕೆ ಮೊದಲೇ ಹೇಳಬೇಕು. ಭಾರತದಲ್ಲಿ ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ. ಕೌಶಲದ ಆಟ ಎಂಬ ವಿನಾಯಿತಿ ಅದರಲ್ಲಿ ಇಲ್ಲ. ಹಾಗಾಗಿ ಇಲ್ಲಿಂದ ಆಡುವವರು ಉಚಿತ ಚಿಪ್ಸ್ ಟೂರ್ನಮೆಂಟುಗಳಲ್ಲಿ ಇದನ್ನು ಅಭ್ಯಾಸ ಮಾಡಿ. ಪರವಾನಗಿ ಇರುವ ದೇಶಗಳಲ್ಲಿರುವ ಕನ್ನಡಿಗರು ಅಲ್ಲಿನ ನಿಯಮ ಓದಿಕೊಂಡು ಆಡಿ. ಸಾಲ ಮಾಡಿ ಯಾರೂ, ಎಲ್ಲೂ ಆಡಬೇಡಿ.

## ಮೊದಲು ಕೈಯಲ್ಲಿರಬೇಕಾದದ್ದು

ಆಟದ ಮಧ್ಯೆ ಸಿಗುವುದು ಹದಿನೈದು ಇಪ್ಪತ್ತು ಸೆಕೆಂಡು, ಜೊತೆಗೆ ಟೈಮ್ ಬ್ಯಾಂಕಿನ, ಅಂದರೆ ಕಷ್ಟದ ನಿರ್ಧಾರಕ್ಕೆಂದು ಕೊಡುವ ಹೆಚ್ಚುವರಿ ಸಮಯದ, ಒಂದಿಷ್ಟು. ಅಷ್ಟರಲ್ಲಿ ಲೆಕ್ಕ ಹಾಕಲು ಈ ಎರಡು ಪಟ್ಟಿಗಳು ಬಾಯಿಪಾಠ ಇರಬೇಕು.

ಎದುರಾಳಿಯ ಬೆಟ್ ಪಾಟಿನ (ಮೇಜಿನ ನಡುವೆ ಸೇರಿದ ಚಿಪ್ಸಿನ) ಎಷ್ಟು ಭಾಗವೋ ಅದಕ್ಕೆ ತಕ್ಕಂತೆ ಕಾಲ್ ಮಾಡಲು ಬೇಕಾದ ಕನಿಷ್ಠ ಗೆಲುವಿನ ಪಾಲು:

- ಮೂರನೇ ಒಂದು ಭಾಗ: ಶೇ 20
- ಅರ್ಧ ಪಾಟ್: ಶೇ 25
- ಮುಕ್ಕಾಲು: ಶೇ 30
- ಪೂರ್ತಿ ಪಾಟ್: ಶೇ 33
- ಪಾಟಿನ ಎರಡರಷ್ಟು: ಶೇ 40

ಫ್ಲಾಪಿಗೆ (ಮೇಜಿನ ಮೇಲೆ ಎಲ್ಲರಿಗೂ ಸೇರಿದ ಮೊದಲ ಮೂರು ಎಲೆ ಬೀಳುವುದಕ್ಕೆ) ಮುಂಚೆ ಆಲ್-ಇನ್ ಆದಾಗ ಸರಿಸುಮಾರು ಗೆಲುವಿನ ಪಾಲು (ಆಫ್‌ಸೂಟ್ ಅಂದರೆ ಎರಡು ಎಲೆ ಬೇರೆ ಬೇರೆ ಬಣ್ಣ, ಸೂಟೆಡ್ ಅಂದರೆ ಒಂದೇ ಬಣ್ಣ, ಉದಾಹರಣೆಗೆ ಎರಡೂ ಆಟಿನ್):

- ದೊಡ್ಡ ಜೋಡಿಯೆದುರು ಸಣ್ಣ ಜೋಡಿ: ಶೇ 18ರಿಂದ 19
- ರಾಣಿ ಜೋಡಿಯೆದುರು ಆಫ್‌ಸೂಟ್ ಎಕ್ಕ-ರಾಜ: ಶೇ 43, ಸೂಟೆಡ್ ಆದರೆ ಶೇ 46
- ಎಕ್ಕ-ರಾಜನೆದುರು ಎಕ್ಕ-ರಾಣಿ: ಶೇ 26ರ ಆಸುಪಾಸು
- ಯಾವುದೇ ಎರಡು ಎಲೆಗಳೆದುರು ಎಕ್ಕದ ಜೋಡಿ: ಶೇ 85

ಈಕ್ವಿಲ್ಯಾಬ್, ಐಸಿಎಮ್‌ಐಝರ್, ಪೋಕರ್‌ಟ್ರ್ಯಾಕರ್ 4ರಂಥ ತಂತ್ರಾಂಶಗಳು ಆಟ ಮುಗಿದ ಮೇಲೆ ಕೂತು ಕಲಿಯುವುದಕ್ಕೆ. ಆಟ ನಡೆಯುತ್ತಿರುವಾಗಲೇ ಉತ್ತರ ಹೇಳುವ ತಂತ್ರಾಂಶ ಬಳಸಿದರೆ ಸೈಟುಗಳು ಖಾತೆಯನ್ನೇ ಮುಚ್ಚುತ್ತವೆ. ಪರದೆ ಮೇಲೆ ಎದುರಾಳಿಯ ಅಂಕಿ ತೋರಿಸುವ ಸಾಧನಕ್ಕೂ ಕೆಲವು ಕಡೆ ಅನುಮತಿ ಇಲ್ಲ.

## ಹಂತ 1: ಟೂರ್ನಮೆಂಟ್ ಎಲ್ಲಿಗೆ ಬಂದಿದೆ ನೋಡಿ

ಲಾಬಿಯಲ್ಲಿ, ಅಂದರೆ ಟೂರ್ನಮೆಂಟಿನ ವಿವರ ಇರುವ ಪುಟದಲ್ಲಿ, ಎರಡು ಅಂಕಿ ನೋಡಿ: ಉಳಿದವರು ಎಷ್ಟು, ಬಹುಮಾನ ಎಷ್ಟು ಜನಕ್ಕೆ. ಆರಂಭದ ಗಂಟೆಗಳಲ್ಲಿ ಚಿಪ್ಸ್ ಲೆಕ್ಕ ಮತ್ತು ಹಣದ ಲೆಕ್ಕ ಹೆಚ್ಚುಕಡಿಮೆ ಒಂದೇ. ಬಹುಮಾನದ ಗಡಿ, ಅಂದರೆ ಬಬಲ್, ಹತ್ತಿರ ಬಂದಂತೆ ಎರಡೂ ಬೇರೆಯಾಗುತ್ತವೆ. ಗೆದ್ದ ಚಿಪ್ಸಿನ ಬೆಲೆ ಇಳಿಯುತ್ತದೆ, ಕಳೆದ ಚಿಪ್ಸಿನ ಬೆಲೆ ಏರುತ್ತದೆ. ಇದನ್ನು ಅಳೆಯುವ ಲೆಕ್ಕಕ್ಕೆ ಐಸಿಎಂ ಎನ್ನುತ್ತಾರೆ. ಒಂದು ಸಲ ಪೂರ್ತಿ ಹಾಕಿ ನೋಡಿದರೆ ಸಾಕು, ಮತ್ತೆ ಮರೆಯುವುದಿಲ್ಲ.

ನಾಲ್ವರು ಉಳಿದಿದ್ದಾರೆ. ಬಹುಮಾನ ಮೂವರಿಗೆ: ಒಟ್ಟು ಮೊತ್ತದ ಶೇ 50, 30, 20. ಪ್ರತಿ ಕೈಯಲ್ಲೂ ಇಬ್ಬರು ಎಲೆ ನೋಡುವ ಮುಂಚೆಯೇ ಹಾಕಬೇಕಾದ ಮೊತ್ತಗಳು ಸ್ಮಾಲ್ ಬ್ಲೈಂಡ್ ಮತ್ತು ಬಿಗ್ ಬ್ಲೈಂಡ್, ಅದರ ಮೇಲೆ ಹಾಕಿಸುವ ಕಡ್ಡಾಯ ಮೊತ್ತ ಆಂಟೆ. ನಾಲ್ವರ ಬಳಿಯೂ ತಲಾ 10 ಬಿಗ್ ಬ್ಲೈಂಡಿನಷ್ಟು ಚಿಪ್ಸ್, ಆಂಟೆ ಇಲ್ಲ. ನೀವು ಬಿಗ್ ಬ್ಲೈಂಡಿನಲ್ಲಿದ್ದೀರಿ. ಇಬ್ಬರು ಫೋಲ್ಡ್ ಮಾಡಿದರು, ಸ್ಮಾಲ್ ಬ್ಲೈಂಡ್ ಆಲ್-ಇನ್ ಹೋದ. ಬರೀ ಚಿಪ್ಸ್ ಲೆಕ್ಕದಲ್ಲಿ 9 ಹಾಕಿ 20ರ ಪಾಟಿಗೆ ಆಡುತ್ತಿದ್ದೀರಿ, ಶೇ 45 ಸಾಕು. ಈಗ ಹಣದ ಲೆಕ್ಕ ನೋಡಿ. ಫೋಲ್ಡ್ ಮಾಡಿದರೆ ಉಳಿಯುವ 9 ಬ್ಲೈಂಡಿನ ಬೆಲೆ ಒಟ್ಟು ಬಹುಮಾನದ ಶೇ 23.3. ಕಾಲ್ ಮಾಡಿ ಗೆದ್ದರೆ 20 ಬ್ಲೈಂಡ್, ಅದರ ಬೆಲೆ ಶೇ 38.3. ಸೋತರೆ ಸೊನ್ನೆ. 23.3ನ್ನು 38.3ರಿಂದ ಭಾಗಿಸಿದರೆ ಸುಮಾರು 0.61. ಅಂದರೆ ಶೇ 45 ಇದ್ದ ಬೆಲೆ ಶೇ 61 ಆಯಿತು. ಈ 16 ಅಂಶಗಳ ಏರಿಕೆಯೇ ಅಪಾಯದ ಬಾಬ್ತು.

ಇದರ ಅರ್ಥ ಏನು? ಎದುರಾಳಿ ಆಫ್‌ಸೂಟ್ ಎಕ್ಕ-ರಾಜ ತೆರೆದು ತೋರಿಸಿಯೇ ಆಲ್-ಇನ್ ಹೋದರೂ ನಿಮ್ಮ ರಾಣಿ ಜೋಡಿ ಫೋಲ್ಡ್ ಆಗಬೇಕು, ಏಕೆಂದರೆ ಅದರ ಪಾಲು ಶೇ 57 ಮಾತ್ರ. ಹಾಗೆಂದು ಇಲ್ಲಿ ರಾಣಿ ಜೋಡಿ ಬಿಡಬೇಡಿ. ಸ್ಮಾಲ್ ಬ್ಲೈಂಡ್ ಇಂಥ ಜಾಗದಿಂದ ಸಿಕ್ಕಸಿಕ್ಕ ಎಲೆಯಲ್ಲಿ ಹೋಗುತ್ತಾನೆ, ಯಾವುದೇ ಎರಡು ಎಲೆಗಳೆದುರು ರಾಣಿ ಜೋಡಿ ಶೇ 80 ಗೆಲ್ಲುತ್ತದೆ. ಒದ್ದಾಟ ಇರುವುದು ಎಕ್ಕ-ರಾಣಿಯಂಥ ಎಲೆಗಳಲ್ಲಿ. ಯಾವುದೇ ಎರಡು ಎಲೆಗಳೆದುರು ಅದಕ್ಕೆ ಶೇ 64ರಷ್ಟು ಪಾಲು, ಗೆರೆ ದಾಟುತ್ತದೆ. ಎದುರಾಳಿ ಸ್ವಲ್ಪ ಆಯ್ದು ಆಡುವವನಾದರೂ ಗೆರೆಯ ಕೆಳಗೆ ಬೀಳುತ್ತದೆ.

ದೊಡ್ಡ ಟೂರ್ನಮೆಂಟಿನ ಟಿಕೆಟ್ ಗೆಲ್ಲಲು ಆಡುವ ಸ್ಯಾಟಲೈಟ್ ಟೂರ್ನಮೆಂಟ್ ಬೇರೆಯೇ ಆಟ. ಹತ್ತು ಟಿಕೆಟ್, ಹನ್ನೊಂದು ಜನ, ನೀವು ಚಿಪ್ಸಿನಲ್ಲಿ ಎರಡನೆಯವರು ಎಂದುಕೊಳ್ಳಿ. ಮೊದಲನೆಯವನು ಆಲ್-ಇನ್ ಹೋದರೆ ಎಕ್ಕದ ಜೋಡಿಯೂ ಫೋಲ್ಡ್. ಸುಮ್ಮನೆ ಕೂತರೆ ಟಿಕೆಟ್ ಬಹುತೇಕ ಖಚಿತ. ಕಾಲ್ ಮಾಡಿದರೆ ನೂರಕ್ಕೆ ಹದಿನೈದು ಸಲ ಅದು ಕೈಬಿಡುತ್ತದೆ. ಮೊದಲ ಸ್ಥಾನಕ್ಕೂ ಹತ್ತನೆಯದಕ್ಕೂ ಸಿಗುವುದು ಅದೇ ಟಿಕೆಟ್. ಎಕ್ಕದ ಜೋಡಿ ಬಿಡಲು ಬೆರಳು ಬಾರದೆ ಸ್ಯಾಟಲೈಟ್ ಕಳೆದುಕೊಂಡವರು ಬಹಳ.

ಒಬ್ಬನನ್ನು ಹೊರಹಾಕಿದರೆ ಅವನ ತಲೆಗೆ ಇಷ್ಟು ಎಂದು ಹಣ ಸಿಗುವ ಬೌಂಟಿ ಟೂರ್ನಮೆಂಟಿನಲ್ಲಿ ಲೆಕ್ಕ ಇನ್ನೊಂದು ಕಡೆಗೆ ವಾಲುತ್ತದೆ. ಪ್ರವೇಶ ಹಣದ ಅರ್ಧ ಬೌಂಟಿಗೆ ಹೋಗಿ, ಅದರಲ್ಲಿ ಅರ್ಧ ಕೂಡಲೇ ಕೈಗೆ ಸಿಗುವ ಪ್ರೋಗ್ರೆಸಿವ್ ಮಾದರಿಯಲ್ಲಿ, ಶುರುವಿನ 10,000 ಚಿಪ್ಸ್ ಅರ್ಧ ಪ್ರವೇಶ ಹಣಕ್ಕೆ ಸಮ. ಕೂಡಲೇ ಸಿಗುವ ಬೌಂಟಿ ಕಾಲು ಭಾಗಕ್ಕೆ ಸಮ. ಅಂದರೆ ಶುರುವಿನಲ್ಲಿ ಒಂದು ತಲೆ ಪಾಟಿಗೆ 5,000 ಚಿಪ್ಸ್ ಸೇರಿಸಿದಂತೆ. ಆದರೆ ಎದುರಾಳಿಗಿಂತ ನಿಮ್ಮ ಚಿಪ್ಸ್ ಕಡಿಮೆ ಇದ್ದರೆ ಆ ತಲೆ ನಿಮಗೆ ಸಿಗುವುದೇ ಇಲ್ಲ. ಅದನ್ನು ಮರೆತು ಬೌಂಟಿ ಆಸೆಗೆ ಕಾಲ್ ಮಾಡುವುದು ದಿನಾ ಕಾಣುವ ತಪ್ಪು.

## ಹಂತ 2: ಯಾರು ಯಾರನ್ನು ಮುಗಿಸಬಲ್ಲರು

ಮೇಜಿನ ಎಲ್ಲರ ಸ್ಟ್ಯಾಕನ್ನು, ಅಂದರೆ ಅವರವರ ಬಳಿ ಇರುವ ಚಿಪ್ಸನ್ನು, ಬ್ಲೈಂಡ್ ಲೆಕ್ಕದಲ್ಲಿ ಓದಿ. ಸೈಟಿನ ಸೆಟ್ಟಿಂಗಿನಲ್ಲಿ ಚಿಪ್ಸ್ ಬದಲು ಬಿಗ್ ಬ್ಲೈಂಡ್ ತೋರಿಸುವ ಆಯ್ಕೆ ಇದ್ದರೆ ಈಗಲೇ ಹಾಕಿಕೊಳ್ಳಿ.

ನಿಮ್ಮನ್ನು ಹೊರಗೆ ಹಾಕಬಲ್ಲವನೆದುರು ಅಪಾಯದ ಬಾಬ್ತು ಪೂರ್ತಿ ತೆರಬೇಕು. ನಿಮ್ಮ ಹತ್ತಿರ 40 ಇದ್ದು ಎದುರಾಳಿಯದು 6 ಆದರೆ ಆ ಬಾಬ್ತು ತುಂಬ ಚಿಕ್ಕದು. ಅಲ್ಲಿ ಚಿಪ್ಸ್ ಲೆಕ್ಕದ ಹತ್ತಿರವೇ ನಿಲ್ಲಿ. ಅತಿ ದುಬಾರಿ ಪರಿಸ್ಥಿತಿ ಎಂದರೆ, ಮೇಜಿನಲ್ಲಿ ಇಬ್ಬರು ಮೂರು ನಾಲ್ಕು ಬ್ಲೈಂಡಿಗೆ ಇಳಿದಿದ್ದಾರೆ, ನೀವು ಎರಡನೇ ದೊಡ್ಡವರು, ಮೊದಲನೇ ದೊಡ್ಡವನು ನಿಮ್ಮ ಮೇಲೆ ಆಲ್-ಇನ್ ಬಂದಿದ್ದಾನೆ. ಆ ಸಣ್ಣವರು ಇನ್ನೊಂದು ಸುತ್ತಿನಲ್ಲಿ ಹೋಗುವವರು. ಅವರಿಗಿಂತ ಮುಂಚೆ ನೀವು ಹೋದರೆ ಅವರ ಬಹುಮಾನ ಏರಿಸಿಕೊಟ್ಟಂತಾಯಿತು.

## ಹಂತ 3: ಬೆಲೆ ಎಷ್ಟು

ಹಾಕಬೇಕಾದ ಚಿಪ್ಸನ್ನು, ಕಾಲ್ ಆದ ಮೇಲೆ ಆಗುವ ಒಟ್ಟು ಪಾಟಿನಿಂದ ಭಾಗಿಸಿ. ಒಟ್ಟು ಪಾಟಿನಲ್ಲಿ ಆಂಟೆ, ಬ್ಲೈಂಡ್, ಎದುರಾಳಿಯ ಬೆಟ್, ನಿಮ್ಮ ಕಾಲ್ ಎಲ್ಲವೂ ಸೇರಬೇಕು. ನಿಮ್ಮ ಕಾಲನ್ನು ಸೇರಿಸಲು ಮರೆತರೆ ಅರ್ಧ ಪಾಟಿನ ಬೆಟ್ಟಿಗೆ ಶೇ 25ರ ಬದಲು ಶೇ 33 ಎಂದು ಬರುತ್ತದೆ, ಬಿಡಬಾರದ ಎಲೆ ಬಿಡುತ್ತೀರಿ. ಈಗಾಗಲೇ ಹಾಕಿದ ಚಿಪ್ಸ್ ಪಾಟಿನದು. "ಇಷ್ಟೊಂದು ಹಾಕಿಬಿಟ್ಟಿದ್ದೀನಲ್ಲ" ಎಂಬ ಮಾತಿಗೆ ಈ ಭಾಗಾಕಾರದಲ್ಲಿ ಜಾಗ ಇಲ್ಲ.

## ಹಂತ 4: ಫ್ಲಾಪಿಗೆ ಮುಂಚೆ, ಎದುರಾಳಿಯ ಎಲೆಗಳನ್ನು ಎಣಿಸಿ

ಈಗ ನಿಮ್ಮ ಎಲೆ ನೋಡಬಹುದು. ಎಣಿಕೆ ಸುಲಭ: ಒಂದು ಜೋಡಿ 6 ಬಗೆಯಲ್ಲಿ ಬರುತ್ತದೆ, ಎಕ್ಕ-ರಾಜದಂಥ ಎರಡು ಬೇರೆ ಎಲೆ 16 ಬಗೆಯಲ್ಲಿ. ನಿಮ್ಮ ಕೈಯಲ್ಲಿ ಒಂದು ಎಕ್ಕ ಇದ್ದರೆ ಎದುರಾಳಿಗೆ ಎಕ್ಕದ ಜೋಡಿ ಬರುವ ಬಗೆ 6ರಿಂದ 3ಕ್ಕೆ ಇಳಿಯುತ್ತದೆ.

ನೀವು ರಾಣಿ ಜೋಡಿಯಲ್ಲಿ 2.2 ಬ್ಲೈಂಡಿಗೆ ರೈಸ್ ಮಾಡಿದಿರಿ, ಅಂದರೆ ಬೆಟ್ ಏರಿಸಿದಿರಿ. ನಿಮ್ಮ ನಂತರ ಆಡುವವನು 30 ಬ್ಲೈಂಡ್ ಆಲ್-ಇನ್, ಉಳಿದವರು ಫೋಲ್ಡ್. ಬ್ಲೈಂಡ್ ಮತ್ತು ಆಂಟೆ ಸೇರಿ ಪಾಟಿನಲ್ಲಿ 34.7 ಇದೆ. ನೀವು ಹಾಕಬೇಕಾದದ್ದು 27.8. ಒಟ್ಟು 62.5. ಬೆಲೆ ಶೇ 44.5.

ಎದುರಾಳಿ ಗಟ್ಟಿಗ, ಎಕ್ಕ ಜೋಡಿ, ರಾಜ ಜೋಡಿ, ಎಕ್ಕ-ರಾಜ ಬಿಟ್ಟು ಹೋಗುವವನಲ್ಲ ಎನ್ನೋಣ. 6, 6, 16: ಒಟ್ಟು 28 ಬಗೆ. ಮೊದಲ ಹನ್ನೆರಡರೆದುರು ನಿಮಗೆ ಶೇ 18.5, ಉಳಿದ ಹದಿನಾರರೆದುರು ಶೇ 56. ಸರಾಸರಿ ಶೇ 40. ಫೋಲ್ಡ್. ಆತ ಗುಲಾಮ ಜೋಡಿಯಲ್ಲೂ ಹೋಗುವವನಾದರೆ ಸರಾಸರಿ ಶೇ 47ಕ್ಕೆ ಏರುತ್ತದೆ, ಕಾಲ್. ಹತ್ತರ ಜೋಡಿಯೂ ಸೇರಿದರೆ ಶೇ 52 ದಾಟುತ್ತದೆ. ಒಂದೇ ಒಂದು ಜೋಡಿ ಸೇರಿದ್ದಕ್ಕೆ ಉತ್ತರ ತಿರುಗಿತು ನೋಡಿ. ಇದೇ ಕೈ ಬಬಲ್ ಮೇಲೆ, ಹತ್ತು ಅಂಶಗಳ ಅಪಾಯದ ಬಾಬ್ತಿನೊಂದಿಗೆ ಬಂದರೆ ಬೆಲೆ ಶೇ 54.5. ಆಗ ಹತ್ತರ ಜೋಡಿವರೆಗೆ ಸಡಿಲ ಆಡುವವನೆದುರೂ ಫೋಲ್ಡ್.

ಎಕ್ಕ-ರಾಜಕ್ಕೂ ಹೀಗೇ. ರಾಣಿ ಜೋಡಿ ಮತ್ತು ಅದರ ಮೇಲಿನವು, ಜೊತೆಗೆ ಎಕ್ಕ-ರಾಜ ಮಾತ್ರ ಇರುವವನೆದುರು ಆಫ್‌ಸೂಟ್ ಎಕ್ಕ-ರಾಜದ ಪಾಲು ಶೇ 39ರ ಹತ್ತಿರ. ಮೊದಲ ಸ್ಥಾನದಿಂದ ಒಬ್ಬ ರೈಸ್, ಪಕ್ಕದವನು ಅದನ್ನೂ ಏರಿಸಿ ರೀರೈಸ್, ಮೂರನೆಯವರಾಗಿ ನೀವು, 60 ಬ್ಲೈಂಡಿಗೂ ಹೆಚ್ಚು ಸ್ಟ್ಯಾಕ್: ಇಲ್ಲಿ ಗುಲಾಮ ಜೋಡಿ, ಎಕ್ಕ-ರಾಣಿ ಯೋಚನೆಯಿಲ್ಲದೆ ಬಿಡುವ ಎಲೆಗಳು. ರಾಜ ಜೋಡಿಯನ್ನು ಫ್ಲಾಪಿಗೆ ಮುಂಚೆ ಬಿಡುವ ಪ್ರಸಂಗ ಸ್ಯಾಟಲೈಟ್ ಮತ್ತು ಅಂತಿಮ ಮೇಜಿನ ಕೆಲವೇ ಸಂದರ್ಭ ಬಿಟ್ಟರೆ ಇಲ್ಲವೆಂದೇ ತಿಳಿಯಿರಿ.

## ಹಂತ 5: ಬೋರ್ಡ್ ಬಂದ ಮೇಲೆ, ಕೈಗೂಡದ ಡ್ರಾಗಳನ್ನು ಹುಡುಕಿ

ಹೆಚ್ಚು ಚಿಪ್ಸ್ ಸುರಿದುಹೋಗುವುದು ಇಲ್ಲಿ. ಫ್ಲಾಪಿನ ನಂತರ ಬೀಳುವ ನಾಲ್ಕನೇ ಎಲೆ ಟರ್ನ್, ಐದನೆಯದೂ ಕೊನೆಯದೂ ರಿವರ್. ಬೇಕಾದ ಎಲೆ ಬಂದರಷ್ಟೇ ಪೂರ್ತಿಯಾಗುವ ಕೈ ಡ್ರಾ. ರಿವರ್‌ನಲ್ಲಿ ದೊಡ್ಡ ಬೆಟ್ ಬಂದಾಗ "ಅವನ ಹತ್ತಿರ ಏನಿರಬಹುದು" ಎಂದು ಕೇಳಿದರೆ ಮನಸ್ಸು ತನಗೆ ಬೇಕಾದದ್ದನ್ನೇ ಹೇಳುತ್ತದೆ. "ಯಾವ ಡ್ರಾ ಕೈಗೂಡಲಿಲ್ಲ?" ಎಂದು ಕೇಳಿ.

ಬ್ಲೈಂಡ್ 1,000–2,000, ಆಂಟೆ 2,000. ನಿಮ್ಮಲ್ಲಿ 80,000, ಕೈಯಲ್ಲಿ ಇಸ್ಪೀಟು ಮತ್ತು ಡೈಮನ್ ಎಕ್ಕ. 4,400ಕ್ಕೆ ರೈಸ್, ಬಿಗ್ ಬ್ಲೈಂಡ್ ಕಾಲ್, ಪಾಟ್ 11,800. ಫ್ಲಾಪ್: ಆಟಿನ್ ಒಂಬತ್ತು, ಆಟಿನ್ ಎಂಟು, ಕಳಾವರ್ ನಾಲ್ಕು. ನೀವು 5,000, ಆತ ಕಾಲ್. ಟರ್ನ್ ಇಸ್ಪೀಟು ಎರಡು. ನೀವು 13,000, ಆತ ಕಾಲ್, ಪಾಟ್ 47,800. ರಿವರ್ ಆಟಿನ್ ಹತ್ತು. ಇಲ್ಲಿಯವರೆಗೆ ಚೆಕ್-ಕಾಲ್ ಮಾಡುತ್ತಿದ್ದವನು (ಬೆಟ್ ಮಾಡದೆ ಸರದಿ ಬಿಟ್ಟು, ನಿಮ್ಮ ಬೆಟ್ಟಿಗೆ ಕಾಲ್ ಮಾಡುತ್ತಿದ್ದವನು) ತಾನೇ ಮೊದಲು ಆಲ್-ಇನ್. ನಿಮ್ಮಲ್ಲಿ ಉಳಿದಿರುವ 57,600 ಪೂರ್ತಿ ಹಾಕಬೇಕು. ಬೆಲೆ: 57,600 ಭಾಗಿಸು 1,63,000, ಅಂದರೆ ಶೇ 35.3.

ಎರಡು ಆಟಿನ್ ಹಿಡಿದವರಿಗೆಲ್ಲ ಫ್ಲಶ್ (ಒಂದೇ ಬಣ್ಣದ ಐದು ಎಲೆ) ಬಂತು. ಬಿಗ್ ಬ್ಲೈಂಡ್ ಆಡುವಂಥವು ಕಡಿಮೆ ಎಂದರೂ 20 ಬಗೆ. ಏಳು-ಆರು, ರಾಣಿ-ಗುಲಾಮ ಎರಡಕ್ಕೂ ಸ್ಟ್ರೇಟ್ (ಸಾಲಾಗಿ ಐದು ಎಲೆ) ಬಂತು. ಆಟಿನ್ ಬಿಟ್ಟು ಸೂಟೆಡ್ ಮಾತ್ರ ಎಣಿಸಿದರೂ 6. ಕೈಯಲ್ಲಿನ ಜೋಡಿಗೆ ಬೋರ್ಡಿನಲ್ಲಿ ಅದೇ ಎಲೆ ಸೇರಿ ಮೂರಾದ ಸೆಟ್‌ಗಳನ್ನು ನಮ್ಮ ಅನುಕೂಲಕ್ಕೆ ಬಿಟ್ಟೇಬಿಡೋಣ. 26 ಬಗೆಗೆ ನೀವು ಸೋಲುತ್ತೀರಿ. ಶೇ 35.3 ಮುಟ್ಟಲು ಕನಿಷ್ಠ 15 ಬಗೆ ಬ್ಲಫ್ (ಸೋಲುವ ಎಲೆ ಹಿಡಿದು ಹೆದರಿಸಲು ಮಾಡುವ ಬೆಟ್) ಬೇಕು. ಎಲ್ಲಿಂದ ತರುವುದು? ಗುಲಾಮ-ಹತ್ತು ಡ್ರಾ ಆಗಿತ್ತು, ಆದರೆ ಅದಕ್ಕೆ ಹತ್ತರ ಜೋಡಿ ಸಿಕ್ಕಿದೆ. ಚೆಕ್ ಮಾಡಿ ಎಲೆ ತೋರಿಸುವ ಆಸೆ ಅದಕ್ಕೆ. ಆಟಿನ್ ಎಕ್ಕದ ಜೊತೆ ಒಂಬತ್ತೋ ಎಂಟೋ ಹಿಡಿದವನು ಧೈರ್ಯ ಮಾಡಿದ ಎಂದರೂ 6 ಬಗೆ. ಫೋಲ್ಡ್.

ರಿವರ್ ಎಲೆಯೊಂದನ್ನೇ ಬದಲಿಸಿ ಡೈಮನ್ ರಾಜ ಇಡಿ. ಬೆಟ್ ಅದೇ, ಬೆಲೆ ಅದೇ. ಈಗ ನಿಮ್ಮನ್ನು ಸೋಲಿಸುವವು ಸೆಟ್ 9, ಒಂಬತ್ತು-ಎಂಟು 3, ರಾಜ-ಒಂಬತ್ತು ಮತ್ತು ರಾಜ-ಎಂಟು ತಲಾ 2: ಒಟ್ಟು 16. ಬೇಕಾದ ಬ್ಲಫ್ 9. ಆಟಿನ್ ಡ್ರಾ ಅಷ್ಟೂ ಬರಿದಾಗಿದೆ, ಏಳು-ಆರು, ರಾಣಿ-ಗುಲಾಮ, ಗುಲಾಮ-ಹತ್ತು ಯಾವುದೂ ಕೈಗೂಡಿಲ್ಲ. ಕಾಲ್. ಎಕ್ಕದ ಜೋಡಿ ಎರಡೂ ಕಡೆ ಅದೇ ಎಕ್ಕದ ಜೋಡಿ.

ನಿಮ್ಮ ಎಕ್ಕಗಳಲ್ಲೊಂದು ಆಟಿನ್ ಎಕ್ಕವಾಗಿದ್ದರೆ? "ಅತಿ ದೊಡ್ಡ ಫ್ಲಶ್ ಅವನಲ್ಲಿ ಇಲ್ಲ" ಎಂದು ಸಮಾಧಾನಪಟ್ಟು ಕಾಲ್ ಮಾಡುವವರು ಬಹಳ. ಆಟಿನ್ ಹತ್ತು ಬಂದ ಬೋರ್ಡಿನಲ್ಲಿ ಅದೇ ಎಕ್ಕ ಅವನ ಆರು ಬ್ಲಫ್‌ಗಳನ್ನೂ ಕಿತ್ತುಕೊಂಡಿರುತ್ತದೆ. ಎರಡೂ ಕಡೆ ಎಣಿಸಿ.

## ಹಂತ 6: ಎಚ್ಚರಿಕೆಯ ಗುರುತುಗಳು

ಇವು ಎಣಿಕೆಗೆ ಬದಲಿ ಅಲ್ಲ, ಎಣಿಕೆಯನ್ನು ಒಂದು ಕಡೆ ತೂಗಿಸುವ ಕಲ್ಲುಗಳು. ಸಣ್ಣ ಪ್ರವೇಶ ಹಣದ ಟೂರ್ನಮೆಂಟುಗಳಲ್ಲಿ ಇವುಗಳ ತೂಕ ಜಾಸ್ತಿ.

ರಿವರ್‌ನಲ್ಲಿ ಚೆಕ್-ರೈಸ್ ಬಂದರೆ (ಮೊದಲು ಚೆಕ್ ಮಾಡಿದವನು ನೀವು ಬೆಟ್ ಮಾಡಿದ ಮೇಲೆ ಏರಿಸಿದರೆ) ಒಂದು ಜೋಡಿಯ ಎಲೆ ಬಿಡಿ. ಅಲ್ಲಿ ಬ್ಲಫ್ ಮಾಡುವವರು ತೀರ ವಿರಳ. ಗಂಟೆಯಿಂದ ಬರೀ ಕಾಲ್ ಮಾಡುತ್ತಿದ್ದವನು ಟರ್ನ್‌ನಲ್ಲಿ ಕನಿಷ್ಠ ಮೊತ್ತದ ರೈಸ್ ಮಾಡಿದರೆ ಅದು ಸಾಮಾನ್ಯವಾಗಿ ಎರಡು ಜೋಡಿ ಅಥವಾ ಸೆಟ್. ಮೊತ್ತ ಚಿಕ್ಕದೆಂದು ಹಗುರವಾಗಿ ತೆಗೆದುಕೊಳ್ಳಬೇಡಿ. ಮೂವರು ಇರುವ ಪಾಟಿನಲ್ಲಿ ಒಬ್ಬ ಬೆಟ್, ಇನ್ನೊಬ್ಬ ರೈಸ್ ಮಾಡಿದಾಗ ಟಾಪ್ ಪೇರ್ (ಬೋರ್ಡಿನ ಅತಿ ದೊಡ್ಡ ಎಲೆಯ ಜೊತೆ ಆದ ಜೋಡಿ), ಅದೂ ದೊಡ್ಡ ಕಿಕ್ಕರ್ (ಜೊತೆಗಿರುವ ಇನ್ನೊಂದು ಎಲೆ) ಇದ್ದರೂ, ನಡುವಿನ ಎಲೆಯಾಗುತ್ತದೆ, ಏಕೆಂದರೆ ರೈಸ್ ಮಾಡಿದವನು ಇಬ್ಬರಿಗೂ ಹೆದರದೆ ಬಂದಿದ್ದಾನೆ.

ಕ್ಲಿಕ್ ಮಾಡಲು ಹಿಡಿದ ಸಮಯವನ್ನು ನಂಬಬೇಡಿ. ಆತ ಆರು ಮೇಜು ತೆರೆದಿರಬಹುದು, ನೆಟ್‌ವರ್ಕ್ ಕೈಕೊಟ್ಟಿರಬಹುದು. ಬೆಟ್ ಮೊತ್ತ ಹೆಚ್ಚು ನಂಬಿಕೆಯ ಗುರುತು. ಪರದೆ ಮೇಲಿನ ಅಂಕಿಗಳಲ್ಲೂ ಎಚ್ಚರ: ಎಷ್ಟು ಕೈ ಆಡುತ್ತಾನೆ ಎಂಬುದು ಐವತ್ತು ನೂರು ಕೈಗಳಲ್ಲಿ ತಿಳಿಯುತ್ತದೆ, ಆದರೆ ರೀರೈಸ್ ಪ್ರಮಾಣ ತಿಳಿಯಲು ನೂರಾರು ಕೈ ಬೇಕು. ಮೂವತ್ತು ಕೈ ನೋಡಿ "ಇವನು ರೀರೈಸ್ ಮಾಡುವುದೇ ಇಲ್ಲ" ಎಂದು ರಾಣಿ ಜೋಡಿ ಬಿಡುವುದು ಕುರುಡು ಆಟ.

## ಹಂತ 7: ಅತಿಯಾಗಿ ಬಿಡುತ್ತಿಲ್ಲವೇ?

ಫೋಲ್ಡ್ ಕಲಿತ ಹೊಸದರಲ್ಲಿ ಜನ ಇನ್ನೊಂದು ಹಳ್ಳಕ್ಕೆ ಬೀಳುತ್ತಾರೆ. ಹಾಗಾಗಿ ಗುಂಡಿ ಒತ್ತುವ ಮುಂಚೆ ಈ ಪರೀಕ್ಷೆ ಮಾಡಿ. ನಿಮ್ಮಲ್ಲಿ 12 ಬ್ಲೈಂಡಿಗಿಂತ ಕಡಿಮೆ ಇದ್ದು ಬಬಲ್ ದೂರ ಇದ್ದರೆ ದೊಡ್ಡ ಜೋಡಿ, ಎಕ್ಕ-ರಾಜ ಬಿಡಬೇಡಿ. ಇದಕ್ಕಿಂತ ಒಳ್ಳೆಯ ಜಾಗಕ್ಕೆ ಕಾಯುವಷ್ಟರಲ್ಲಿ ಬ್ಲೈಂಡ್ ತಿಂದುಹಾಕುತ್ತದೆ. ಪಾಟಿನಲ್ಲಿರುವುದಕ್ಕಿಂತ ನಿಮ್ಮಲ್ಲಿ ಉಳಿದಿರುವ ಚಿಪ್ಸ್ ಕಡಿಮೆಯಾಗಿದ್ದು ಓವರ್‌ಪೇರ್ (ಬೋರ್ಡಿನ ಎಲ್ಲ ಎಲೆಗಳಿಗಿಂತ ದೊಡ್ಡ ಜೋಡಿ) ಇದ್ದರೆ ಸಾಮಾನ್ಯವಾಗಿ ಕಾಲೇ ಸರಿ. ಬಬಲ್ ಮೇಲೆ ದೊಡ್ಡ ಸ್ಟ್ಯಾಕಿನವನು ಪ್ರತಿ ಕೈಯಲ್ಲೂ ಆಲ್-ಇನ್ ಹೋಗುತ್ತಿದ್ದರೆ ಅವನ ಎಲೆಗಳ ಪಟ್ಟಿ ಉದ್ದವಾಗಿದೆ. ಹಂತ 1ರ ಶೇ 61ನ್ನೂ ಹತ್ತರ ಜೋಡಿ ಆರಾಮಾಗಿ ದಾಟುತ್ತದೆ.

## ಹಂತ 8: ಒತ್ತುವ ಕ್ರಮ, ಆಮೇಲಿನ ಪರಿಶೀಲನೆ

ದೊಡ್ಡ ನಿರ್ಧಾರ ಬಂದ ಕೂಡಲೇ ಮೌಸ್‌ನಿಂದ ಕೈ ತೆಗೆಯಿರಿ. ಟೈಮ್ ಬ್ಯಾಂಕ್ ತಾನಾಗಿ ಶುರುವಾಗುತ್ತದೋ, ಒತ್ತಬೇಕೋ ಎಂಬುದನ್ನು ಮೊದಲೇ ತಿಳಿದಿರಿ. ಉಳಿದ ಮೇಜುಗಳಲ್ಲಿ ಸಂದೇಹದ ಕೈಗಳನ್ನೆಲ್ಲ ಫೋಲ್ಡ್ ಮಾಡಿ. ಹಂತ, ಸ್ಟ್ಯಾಕ್, ಬೆಲೆ, ಎಣಿಕೆ ಎಂದು ಮೆಲ್ಲಗೆ ಬಾಯಲ್ಲಿ ಹೇಳಿಕೊಳ್ಳುತ್ತಾ ಹೋಗಿ. ಗಾಬರಿಯಲ್ಲಿ ಮೊದಲು ಹಾರಿಹೋಗುವುದು ಎರಡನೆಯದು.

ಆಟ ಮುಗಿದ ದಿನವೇ ಆ ಕೈಯ ಹ್ಯಾಂಡ್ ಹಿಸ್ಟರಿ (ಸೈಟ್ ಉಳಿಸಿಡುವ ದಾಖಲೆ) ತೆರೆಯಿರಿ. ಎದುರಾಳಿಯ ಎಲೆಗಳು ಕಾಣುವ ಮುಂಚೆ ನೀವು ಯಾವ ಪಟ್ಟಿ ಅಂದುಕೊಂಡಿದ್ದಿರಿ ಎಂಬುದನ್ನು ಒಂದು ಪುಸ್ತಕದಲ್ಲಿ ಬರೆಯಿರಿ, ಆಮೇಲೆ ಆ ಪಟ್ಟಿಯನ್ನೇ ಈಕ್ವಿಲ್ಯಾಬ್‌ಗೆ ಹಾಕಿ. ಆತ ತೋರಿಸಿದ ಎಲೆ ನೋಡಿ ಪಟ್ಟಿ ತಿದ್ದಿದರೆ ಪರಿಶೀಲನೆ ವ್ಯರ್ಥ. ರಾಣಿ ಜೋಡಿ ಬಿಟ್ಟ ಮೇಲೆ ಆತ ಗುಲಾಮ ಜೋಡಿ ತೋರಿಸಿದ ಎಂದುಕೊಳ್ಳಿ. ನಿಮ್ಮ ಪಟ್ಟಿಯಲ್ಲಿ ಗುಲಾಮ ಜೋಡಿ ಇದ್ದು, ಆದರೂ ಲೆಕ್ಕ ಫೋಲ್ಡ್ ಎಂದಿದ್ದರೆ ಮುಂದಿನ ಸಲವೂ ಫೋಲ್ಡ್. ಪಟ್ಟಿಯಲ್ಲಿ ಇರಲೇ ಇಲ್ಲವಾದರೆ ಅವನ ಹೆಸರಿನ ಮುಂದೆ ಟಿಪ್ಪಣಿ ಹಾಕಿ: ಎಷ್ಟು ಬ್ಲೈಂಡ್, ಯಾವ ಸ್ಥಾನ, ಯಾವ ಎಲೆ. ಇಂಥ ಇಪ್ಪತ್ತು ಮೂವತ್ತು ಕೈಗಳನ್ನು ಬರೆದಿಟ್ಟ ಮೇಲೆ ನೀವು ಅಂದುಕೊಳ್ಳುವ ಪಟ್ಟಿಗಳು ಯಾವಾಗಲೂ ಬಿಗಿಯೋ ಸಡಿಲವೋ ಎಂಬುದು ಆ ಪುಟಗಳಲ್ಲೇ ಕಾಣತೊಡಗುತ್ತದೆ.